ದಾರಿ ಗೊತ್ತಿದ್ದ ಹಸು

ಕೇಳ್ರಪ್ಪಾ, ನಮ್ಮೆಜಮಾನರಿಗೆ ಬೀರೂರು ಸ್ಟೇಷನ್ನಿಗೆ ವರ್ಗ ಆಯ್ತಲ್ಲ, ಇವತ್ತು ಕಡೂರಿಂದ ಎತ್ತಿನ ಗಾಡೀಲಿ ಸಾಮಾನು ಹೇರ್ಕೊಂಡು, ಮಹಾರಾಜರ ಪಟ ತೊಡೆ ಮೇಲಿಟ್ಕೊಂಡು ಬಾಡಿಗೆ ಮನೆಗೆ ಬಂದ್ವಿ.

"ಹೊಸಾ ಮನೆ ಕಣವ್ವಾ, ಇನ್ನೂ ಯಾರೂ ಒಕ್ಕಲಾಗಿಲ್ಲ" ಅಂದ ಮನೆ ಮಾಲೀಕ, ಕೊಬ್ಬರಿ ಸಾಹುಕಾರ. ಹೊಸಾ ಮನೆಗೆ ಇಷ್ಟು ದಪ್ಪ ಸುಣ್ಣ ಯಾಕೆ ಬಳಿದ ಅಂತ ನನಗೆ ಆಗ್ಲೇ ಅನುಮಾನ.

ಮೊದಲು ಹಸು ಒಳಗೆ ಹೋಗ್ಬೇಕಲ್ಲ, ತನ್ನ ಹಸುವನ್ನೇ ತಂದ. ಎಲ್ಲಾ ಕಡೆ ಹಸು ಹೊಸ್ತಿಲಲ್ಲಿ ಬೆದರಿ ನಿಲ್ಲುತ್ತೆ, ಹಿಂದಿಂದ ನೂಕ್ಬೇಕು. ಇದು ಸೀದಾ ನಡುಮನೆ ದಾಟಿ, ನಾನು ಒಲೆ ಹೂಡಬೇಕು ಅಂತಿದ್ದ ಮೂಲೆಗೆ ಹೋಗಿ, ಗೋಡೆ ನೆಕ್ಕಿ, ಕಾಲು ಮಡಚಿ ಮಲಗೇಬಿಡ್ತು.

"ಲಕ್ಷ್ಮಿ ನೆಲೆಸಿದ್ಲು" ಅಂತ ನಮ್ಮತ್ತೆ ಕೈ ಮುಗಿದ್ರು.

ನೆಕ್ಕಿದ ಕಡೆ ಸುಣ್ಣ ಬಿಟ್ಟು, ಗೋಡೇಲಿ ದನ ಕಟ್ಟೋ ಕಬ್ಬಿಣದ ಬಳೆ ಕಾಣಿಸ್ತು.

"ಸಾಹುಕಾರ್ರೇ, ಇದು ಕೊಟ್ಟಿಗೆ ಆಗಿತ್ತಾ?" ಅಂದೆ.

"ಹಸು ಇದ್ದ ಜಾಗ ಒಳ್ಳೇದೇ ಅಲ್ವಾ ತಾಯಿ" ಅಂತ ಮೆಲ್ಲಗೆ ಹೊರಟೇ ಹೋದ.

ಹೊತ್ತು ಇಳೀತಾ ಬಂತು, ಹಾಲು ಉಕ್ಕಿಸೋಕೆ ಆ ಮೂಲೆ ಬೇಕು, ಹಸು ಎದ್ದಿಲ್ಲ. ನಾವು ಪಾತ್ರೆ ಇಳಿಸಿದ ಹಾಗೆಲ್ಲಾ ತಲೆ ಎತ್ತಿ ನೋಡ್ತಿದೆ. ತನ್ನ ಮನೆಗೆ ನುಗ್ಗಿದ ಇವರು ಯಾರು ಅಂತ ಅದಕ್ಕೆ ನಮ್ಮ ಮೇಲೇ ಅನುಮಾನ.