ಬೆಲ್ಟ್ ಬಿಗಿದ ಮದುಮಗಳು

ಹಟ್ಟಿಯಂಗಡಿ ದೇವಸ್ಥಾನಕ್ಕೆ ಇನ್ನೂ ಮೂರು ಕಿಲೋಮೀಟರ್ ಇರುವಾಗಲೇ ನನ್ನ ಹಳೆಯ ಅಂಬಾಸಿಡರ್ ನಿಂತುಬಿಟ್ಟಿತು. ಹಿಂದಿನ ಸೀಟಿನಲ್ಲಿ ಮದುಮಗಳು, ನನ್ನ ಅಕ್ಕನ ಮಗಳು ಶ್ರಾವ್ಯಾ. ಮುಹೂರ್ತಕ್ಕೆ ಒಂದು ಗಂಟೆಯೂ ಇರಲಿಲ್ಲ. ಇದೇ ಕಾರಿನಲ್ಲಿ ಹೋಗಬೇಕೆಂದು ಹಟ ಹಿಡಿದವನು ನಾನೇ.

ಬಾನೆಟ್ ಎತ್ತಿ, ಮೊನ್ನೆಯಷ್ಟೇ ಹಾಕಿಸಿದ ಬ್ಯಾಟರಿಗೆ ಬೈಯುತ್ತಿದ್ದಾಗ ಪಕ್ಕದಲ್ಲಿ ಬಳೆ ಸದ್ದಾಯಿತು. ಐಟಿಐಯಲ್ಲಿ ಮೆಕ್ಯಾನಿಕ್ ಕೆಲಸ ಕಲಿತ ಶ್ರಾವ್ಯಾ ಕಾರಿಳಿದು ಬಂದು, ರೇಷ್ಮೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಫ್ಯಾನ್ ಬೆಲ್ಟನ್ನು ಒಂದು ಬೆರಳಲ್ಲಿ ಒತ್ತಿ ನೋಡಿದಳು.

“ಮಾವ, ಪಾಪದ ಬ್ಯಾಟ್ರಿಗೆ ಎಂತಕ್ಕೆ ಬೈತ್ರಿ? ಬೆಲ್ಟ್ ಸಡ್ಲ ಆಯ್ತ್. ಡೈನಮೋ ಸಮ ತಿರ್ಗದಿರೆ ಚಾರ್ಜ್ ಆಪ್ದ್ ಹ್ಯಾಂಗೆ? ಸ್ಪಾನರ್ ಕೊಡಿ.”

ಕೊಟ್ಟೆ. ಡೈನಮೋವನ್ನು ಎಳೆದು ಹಿಡಿಯಲು ನನಗೆ ಹೇಳಿ, ಬೆಲ್ಟ್ ಬಿಗಿ ಮಾಡಿದಳು. ಹಿಂದೆ ವ್ಯಾನಿನಲ್ಲಿ ಬಂದ ನೆಂಟರು ಪಂಚೆ ಎತ್ತಿಕಟ್ಟಿ ತಳ್ಳಿದರು. ಎಂಜಿನ್ ಸ್ಟಾರ್ಟ್ ಆಗಿ, ಸ್ಟೇರಿಂಗ್ ಮುಂದೆ ಚಾರ್ಜ್ ಆಗುತ್ತಿಲ್ಲವೆಂದು ಎಚ್ಚರಿಸುವ ಕೆಂಪು ದೀಪ ಆರಿತು.

“ಈ ದೀಪ ಯಾವಾಗಿಂದ ಉರೀತಿತ್ತ್, ಮಾವ?”

ಎರಡು ತಿಂಗಳಿಂದ ಉರಿಯುತ್ತಿತ್ತು; “ಮುಹೂರ್ತಕ್ಕೆ ಹೊತ್ತಾಯ್ತ್” ಎಂದು ನಾನು ಗೇರು ಹಾಕಿದೆ.

ಮುಹೂರ್ತ ತಪ್ಪಲಿಲ್ಲ. ಧಾರೆಯ ಫೋಟೊದಲ್ಲಿ ಅವಳ ಮದರಂಗಿ ಬೆರಳ ಮೇಲೆ ಗ್ರೀಸಿನ ಕಪ್ಪು ಎದ್ದು ಕಾಣುತ್ತದೆ. ಅಳಿಸಿಕೊಡುತ್ತೇನೆಂದ ಫೋಟೊಗ್ರಾಫರನಿಗೆ ಅವಳು ಬೇಡವೆಂದಳು. ಮನೆಗೆ ಬಂದವರಿಗೆಲ್ಲ ನಾನು ಮೊದಲು ತೋರಿಸುವುದು ಅದೇ ಬೆರಳನ್ನು.