ಕಾದಂಬರಿ ಅವನದು, ಬೆರಳು ನನ್ನದು

ನಿನ್ನೆ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಾಗ ನಡುಬೆರಳಿನ ಗಂಟು ಕಣ್ಣಿಗೆ ಬಿತ್ತು. ರೊಟ್ಟಿ ಬಡಿದು ಆದದ್ದಲ್ಲ, ಪೆನ್ನು ಹಿಡಿದು ಆದದ್ದು. ನಗಬೇಡಿ. ಮೂರನೇ ಇಯತ್ತೆಗೆ ಶಾಲೆ ಬಿಟ್ಟ ನನ್ನ ಕೈಯಿಂದ ಮೂರು ಕಾದಂಬರಿಗಳು ಇಳಿದಿವೆ.

ಆಗ ನಮ್ಮವರ ಬ್ಯಾಂಕಿನ ವರ್ಗಾವಣೆಯಿಂದ ನಾಶಿಕದಲ್ಲಿದ್ದೆವು. ಮಹಡಿಯ ಮೇಲೆ ರತ್ನಾಕರ ಬಾಡಿಗೆಗಿದ್ದ. ಮರಾಠಿ ಸೀರಿಯಲ್ಲುಗಳಿಗೆ ಸಂಗೀತ ಮಾಡುವವನು. ಟಿವಿಯಲ್ಲಿ ಸೊಸೆ ತಿರುಗಿ ನೋಡಿದರೆ ಢಣ್ ಅನ್ನುತ್ತದಲ್ಲ, ಅದು ಅವನದೇ. ಮುಂದೆ ಸಿನಿಮಾಗಳೂ ಬಂದವು. ಅವನಪ್ಪ ಮಾತ್ರ ಆ ಸಂಗೀತಕ್ಕೆ ಮಣಿಯಲಿಲ್ಲ. ಅವರು ಕುಂದಾಪುರದ ಕಡೆಯವರು; ಔರಂಗಾಬಾದಿನಲ್ಲಿ, ಅಂದರೆ ಈಗಿನ ಸಂಭಾಜಿನಗರದಲ್ಲಿ, ಅವರದೊಂದು ಇಡ್ಲಿ ಹೋಟೆಲು. ದುಡ್ಡಿನ ಗಲ್ಲೆಯ ಮೇಲೆ ಕೂತು ಕನ್ನಡ ಕಾದಂಬರಿ ಓದುವರು. ಮಗನ ಸೀರಿಯಲ್ಲು ಬಂದರೆ, "ಎಂಥ ಮಾರಾಯ, ಪಾತ್ರೆ ಬಿದ್ದ ಹಾಗೆ!" ಎಂದು ಟಿವಿ ಆರಿಸುವರು.

"ಮೌಶಿ, ಬಾಬಾ ನನ್ನದೊಂದು ಕನ್ನಡ ಕಾದಂಬರಿ ಓದಿದ್ರೆ ಸಾಕು," ಎಂದ ರತ್ನಾಕರ ಒಂದು ದಿನ. ನಾನು ಅವನಿಗೆ ಮೌಶಿ, ಅಂದರೆ ಚಿಕ್ಕಮ್ಮ; ಅಪ್ಪ ಅವನಿಗೆ ಬಾಬಾ.

ಅವನು ಕಲಿತದ್ದು ಮರಾಠಿ ಶಾಲೆಯಲ್ಲಿ. ಕನ್ನಡ ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ನನಗೆ ಅಕ್ಷರ ಬರುತ್ತಿತ್ತು, ಒಂದೊಂದು ಇಡ್ಲಿಯಷ್ಟು ದಪ್ಪ. ಸರಿ, ಅವನು ಹೇಳುವುದು, ನಾನು ಬರೆಯುವುದು.

ಅವನ ಪದ್ಧತಿಯೇ ವಿಚಿತ್ರ. ಮೊದಲು ಬಾಜಾ, ಅಂದರೆ ಹಾರ್ಮೋನಿಯಂ, ಬಾರಿಸುವನು, ಆಮೇಲೆ ಅದೇ ರಾಗಕ್ಕೆ ಕಥೆ ಹೇಳುವನು. ರಾಗ ಮುಗಿಯುವವರೆಗೆ ವಾಕ್ಯವೂ ಮುಗಿಯುವುದಿಲ್ಲ! ಕಥೆಯಲ್ಲೊಬ್ಬ ಅಜ್ಜಿ ಸಾಯಬೇಕಿತ್ತು. ಕಾಲು ಗಂಟೆ ಸೂರ್ಯ, ಗಾಳಿ, ಗೋದಾವರಿ ಎಲ್ಲವನ್ನೂ ಕರೆದ. ನನ್ನ ಕೈ ಜೋಮು ಹಿಡಿಯಿತು.

"ಲಿಹಾ ನಾ, ಮೌಶಿ!"

"ಬರದೀನಿ."

"ಓದಿ ನೋಡೋಣ."

"ಮುದುಕಿ ಸತ್ತಳು."

"ಇಷ್ಟೇಚ? ಅಷ್ಟೆಲ್ಲ ಹೇಳಿದ್ನಲ್ಲ!"

"ಸತ್ಳೋ ಇಲ್ಲೋ?"

"ಸತ್ತಳು."

"ಮತ್ತ? ಅದನ್ನ ಬರದೀನಿ."

ಎರಡು ದಿನ ಮುನಿಸಿಕೊಂಡ. ನಾಶಿಕದಲ್ಲಿ ಬೇರೆ ಯಾರು ಬರೆದುಕೊಡಬೇಕು? ಮೂರನೇ ದಿನ ಬಾಜಾ ಹೊತ್ತು ಇಳಿದು ಬಂದ. ಹೀಗೇ ಕಡಿದು ಕಡಿದು ಪುಸ್ತಕವಾಯಿತು. ಹುಬ್ಬಳ್ಳಿಯವರೊಬ್ಬರು ಅಚ್ಚು ಹಾಕಿಸಿ, "ಎಂಥ ಬಿಗಿಯಾದ ಶೈಲಿ!" ಎಂದು ಪತ್ರವನ್ನೂ ಬರೆದರು. ನಾನು ಅದನ್ನು ಅವನಿಗೆ ಓದಿ ಹೇಳಿದೆ. ನಕ್ಕು ನಕ್ಕು ಇಬ್ಬರಿಗೂ ಬಿಕ್ಕಳಿಕೆ.

ಪುಸ್ತಕ ಹಿಡಿದು ಎಸ್‌ಟಿ ಬಸ್ಸಿನಲ್ಲಿ ಔರಂಗಾಬಾದಿಗೆ ಹೋದೆವು. ಅಪ್ಪ ಗಲ್ಲೆಯಲ್ಲೇ ಓದತೊಡಗಿದರು. ರತ್ನಾಕರ ಇಡ್ಲಿ ಮುರಿಯುತ್ತ ಕೂತ, ಒಂದು ತುಣುಕೂ ಬಾಯಿಗೆ ಹೋಗಲಿಲ್ಲ. ಅವನದನ್ನೂ ನಾನೇ ತಿಂದೆ. ಅಜ್ಜಿ ಸಾಯುವ ಪುಟ ಮುಗಿಸಿ ಅವರು ಕನ್ನಡಕ ತೆಗೆದರು.

"ನಿನ್ನ ಅಜ್ಜಿ ಹೋದದ್ದು ಹೀಗೇ. ಒಂದೇ ಗಳಿಗೆ. ಆದ್ರೆ ಇದು ನೀನು ಬರೆದದ್ದಲ್ಲ ಮಾರಾಯ. ಒಂದು ದೋಸೆ ಕೇಳ್ಲಿಕ್ಕೆ ಅರ್ಧ ಗಂಟೆ ಮಾತಾಡುವವ ನೀನು!"

ಹುಡುಗನ ಮುಖ ಕಪ್ಪಿಟ್ಟಿತು. ನಾನು ಸುಮ್ಮನಿರುವವಳೇ?

"ಕಥಿ ಅವಂದ ರೀ. ಕೈ ನಂದು. ಕೈ ನೋಯ್ತಿತ್ತು, ಕಡಿಮಿ ಬರದೆ."

ಅವರು ನಕ್ಕ ಅಬ್ಬರಕ್ಕೆ ಅಡುಗೆಯವನು ಸೌಟು ಹಿಡಿದು ಹೊರಗೆ ಬಂದ. ನಗು ನಿಂತ ಮೇಲೆ ಮಗನಿಗೆ ಅಂದರು, "ಈ ಅಮ್ಮನ ಕೈಗೆ ಎಷ್ಟು ದಿನ ಕಷ್ಟ ಕೊಡ್ತಿ? ಭಾನುವಾರ ಬಾ. ಅ ಆ ಇ ಈ ನಾನು ಕಲಿಸ್ತೇನೆ."

ಮೂವತ್ತೈದರ ಗಂಡಸು, ಸಿನಿಮಾಕ್ಕೆ ಸಂಗೀತ ಕೊಡುವವನು, ಅಪ್ಪನ ಮಗ್ಗುಲಲ್ಲಿ ಕೂತು ಅಕ್ಷರ ತಿದ್ದಿದ. ಕಲಿಯಲು ವರ್ಷಗಳೇ ಹಿಡಿದವು. ಅಷ್ಟರಲ್ಲಿ ನನ್ನ ಕೈ ಇನ್ನೆರಡು ಕಾದಂಬರಿ ಮುಗಿಸಿತು.

ಇವತ್ತು ನಾಲ್ಕನೆಯದು ಅಂಚೆಯಲ್ಲಿ ಬಂತು, ಪೂರಾ ಅವನದೇ ಕೈಬರಹ. ಮೊದಲ ವಾಕ್ಯ ಎರಡು ಪುಟ ದಾಟಿದಾಗ ಫೋನ್ ಹಚ್ಚಿ ಬೈದೆ.

"ಮೌಶಿ, ಒಂದಕ್ಷರಾನೂ ಕಡೀಬೇಡ ಅಂದ್ರು ಬಾಬಾ!" ಎಂದ, ಕುಣಿಯುವ ದನಿಯಲ್ಲಿ.

ಅಪ್ಪ ಮಗ ಒಂದಾದರು, ಕಾದಂಬರಿ ಹಾಳಾಯಿತು. ಆಗಲಿ ಬಿಡಿ. ನಾನೀಗ ಮೂರನೇ ಪುಟದಲ್ಲಿದ್ದೇನೆ, ಪೂರ್ಣವಿರಾಮ ಇನ್ನೂ ಸಿಕ್ಕಿಲ್ಲ.