ನೀರು ಹಾಕಲೊಲ್ಲದ ಕಾವೇರಮ್ಮ

ಕೋಡಿಹಳ್ಳಿ ಕಡೆಯ ಒಂದು ಮಹಿಳಾ ಹಾಲಿನ ಡೈರಿಯಲ್ಲಿ ಕಾವೇರಮ್ಮ ಟೆಸ್ಟರ್ ಆಗಿದ್ದರು. ಹೆಂಗಸರು ತಂದ ಹಾಲಿನಲ್ಲಿ ಲ್ಯಾಕ್ಟೋಮೀಟರ್ ಎಂಬ ಗಾಜಿನ ಕಡ್ಡಿಯನ್ನು ತೇಲಿಬಿಟ್ಟು, ಅದು ಎಷ್ಟು ಮುಳುಗಿತೆಂದು ನೋಡಿ, ನೀರು ಬೆರೆತಿದ್ದರೆ ಹಾಲನ್ನು ತಿರುಗಿಸಿ ಕಳಿಸುವುದು ಅವರ ಕೆಲಸ. ಮುಲಾಜು ಇಟ್ಟುಕೊಂಡವರಲ್ಲ. ಒಮ್ಮೆ ಓರಗಿತ್ತಿ ಬೋರಮ್ಮನ ಹಾಲನ್ನೇ ಸಾಲಿನಲ್ಲಿದ್ದವರೆಲ್ಲರ ಎದುರು ವಾಪಸ್ಸು ಕೊಟ್ಟರು.

“ಹಸ ನೀರು ಜಾಸ್ತಿ ಕುಡ್ದ್ಬುಟ್ಟೈತೆ ಕಣಕ್ಕ,” ಎಂದಳು ಬೋರಮ್ಮ.

“ಕುಡ್ದಿದ್ದು ಹಸನೋ, ಕ್ಯಾನೋ?”

ಬೋರಮ್ಮ ಬಹಳ ಕಾಲ ಅವರ ಹೊಸ್ತಿಲು ತುಳಿಯಲಿಲ್ಲ. ಕಾವೇರಮ್ಮ ಅದಕ್ಕೆ ಬೇಸರಪಟ್ಟದ್ದನ್ನು ಕಂಡವರಿಲ್ಲ.

ಕೆಲಸ ಬಿಟ್ಟ ಮೇಲೆ ಅವರು ಕನಕಪುರದಲ್ಲಿ ಮಗಳು ಧನುಶ್ರೀಯ ಜೊತೆಗಿದ್ದಾರೆ. ಧನುಶ್ರೀ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಮನೆಯ ಪಡಸಾಲೆಯಲ್ಲೊಂದು ಗಾಜಿನ ತೊಟ್ಟಿ ಇಟ್ಟು, ಕಡಲುಪ್ಪು ಬೆರೆಸಿದ ನೀರು ತುಂಬಿ, ಬಿಳಿ ಪಟ್ಟೆಯ ಎರಡು ಕಿತ್ತಳೆ ಬಣ್ಣದ ಮೀನು ಸಾಕಿದ್ದಳು. ಹಿಂದೆ ಸಾಕಿದ್ದ ಜೋಡಿ ಸತ್ತಾಗ ಊಟ ಬಿಟ್ಟು ಕೂತಿದ್ದವಳು. ಹೀಗಾಗಿ ತರಬೇತಿಗೆಂದು ಮೈಸೂರಿಗೆ ಹೊರಟಾಗ ತಾಯಿಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. ದಿನಾ ತೊಟ್ಟಿಯ ಒಂದು ಹನಿಯನ್ನು, ಉಪ್ಪಿನಂಶ ಅಳೆಯುವ ಸಣ್ಣ ಕೊಳವೆಯ ಗಾಜಿನ ಮೇಲೆ ಬಿಟ್ಟು ಬೆಳಕಿಗೆ ಹಿಡಿದು ನೋಡಬೇಕು. ಒಳಗೆ ಕಾಣುವ ಗೀಟು ಸರಿಯಾಗಿ ಮೂವತ್ತೈದಕ್ಕೆ ನಿಂತಿರಬೇಕು.

“ನೀರು ಇಳಿದ್ರೆ ನೀಲಿ ಕ್ಯಾನಿಂದ ಹಾಕವ್ವ. ಬಿಳಿ ಕ್ಯಾನಿಂದು ನಾನು ಬಂದ್ಮೇಲೆ ತೊಟ್ಟಿ ನೀರು ಬದಲಾಯಿಸೋಕೆ.”

“ಹಾಲು ಅಳ್ದೋಳ್ಗೆ ನೀರು ಅಳ್ಯಾಕೆ ಬರಾಕಿಲ್ವಾ? ಹೋಗವ್ವ.”

ಬೇಸಿಗೆ. ಫ್ಯಾನು ಇಡೀ ದಿನ ತಿರುಗುತ್ತಿತ್ತು. ತೊಟ್ಟಿಯ ನೀರು ಎರಡು ಬೆರಳು ಇಳಿಯಿತು. ಕಾವೇರಮ್ಮ ನೀಲಿ ಕ್ಯಾನಿಗೆ ಬೆರಳದ್ದಿ ನಾಲಿಗೆಗೆ ಮುಟ್ಟಿಸಿದರು. ಸಪ್ಪೆ. ಬಿಳಿ ಕ್ಯಾನಿನದು ಉಪ್ಪು. ಉಪ್ಪುನೀರು ಕಡಿಮೆಯಾದರೆ ಸಪ್ಪೆ ನೀರು ಹಾಕುವುದೆಂದರೇನು? ಹೊರಡುವ ಅವಸರದಲ್ಲಿ ಮಗಳು ಬಣ್ಣ ಅದಲು ಬದಲು ಹೇಳಿದ್ದಾಳೆ ಎಂದು ತೀರ್ಮಾನಿಸಿ ಬಿಳಿ ಕ್ಯಾನಿನಿಂದ ತುಂಬಿಸಿದರು. ಮತ್ತೆ ಇಳಿಯಿತು, ಮತ್ತೆ ತುಂಬಿಸಿದರು.

ಕೊಳವೆಯ ಗೀಟು ಮೂವತ್ತೇಳಕ್ಕೆ ಹೋಯಿತು. ಆಮೇಲೆ ಮೂವತ್ತೊಂಬತ್ತಕ್ಕೆ.

ಕಾವೇರಮ್ಮನಿಗೆ ದಿಕ್ಕು ತೋಚಲಿಲ್ಲ. ಹಾಲಿನಲ್ಲಿ ಅಂಕಿ ಏರಿದರೆ ಯಾರೋ ಕೆನೆ ತೆಗೆದಿದ್ದಾರೆ ಎಂದರ್ಥ. ಇಲ್ಲಿ ತೆಗೆದದ್ದು ಏನು, ತೆಗೆದವರು ಯಾರು? ನೀರಿನ ಮೇಲೆ ಬೆರಳಾಡಿಸಿ ನೋಡಿದರು. ಮೀನಿನ ಬಾಯಿಯನ್ನೂ ಅನುಮಾನದಿಂದ ನೋಡಿದರು. ಉಪ್ಪುನೀರಿಗೆ ಅದೇ ಉಪ್ಪುನೀರು ಸೇರಿಸಿದರೆ ಅಂಕಿ ಅಲ್ಲೇ ನಿಲ್ಲಬೇಕಲ್ಲವೇ?

ಕೊಳವೆಯೇ ಕೆಟ್ಟಿರಬೇಕೆಂದು ಪೆಟ್ಟಿಗೆಯಿಂದ ತಮ್ಮ ಹಳೆಯ ಲ್ಯಾಕ್ಟೋಮೀಟರ್ ತೆಗೆದು, ತೊಟ್ಟಿಯ ನೀರನ್ನು ಉದ್ದನೆಯ ಲೋಟಕ್ಕೆ ಬಗ್ಗಿಸಿ ತೇಲಿಬಿಟ್ಟರು. ಮೂವತ್ತು ತೋರಿಸಿತು. ಡೈರಿಯ ಲೆಕ್ಕದಲ್ಲಿ ಅದು ಮೊದಲ ದರ್ಜೆಯ ಹಾಲು. ಒಂದು ಅಳತೆ ನೀರು ಕೆಟ್ಟಿದೆ ಎನ್ನುತ್ತದೆ, ಬದುಕಿಡೀ ನಂಬಿದ ಇನ್ನೊಂದು ಅಳತೆ ಚೆನ್ನಾಗಿದೆ ಎನ್ನುತ್ತದೆ. ಅವರು ನಂಬಿದ್ದನ್ನೇ ನಂಬಿದರು. ಮಾರನೆಯ ದಿನ ಚಿಕ್ಕ ಮೀನು ತಳಕ್ಕೆ ಒರಗಿ ಜೋರಾಗಿ ಉಸಿರಾಡುತ್ತಿತ್ತು. ದೊಡ್ಡದೂ ತಿನ್ನಲಿಲ್ಲ.

ಮಗಳಿಗೆ ಫೋನು ಮಾಡಲು ಮನಸ್ಸು ಒಪ್ಪಲಿಲ್ಲ. ಒಂದು ಬಾಟಲಿಗೆ ತೊಟ್ಟಿಯ ನೀರು ತುಂಬಿಕೊಂಡು ರಾಮನಗರದ ಬಸ್ಸು ಹತ್ತಿದರು. ಮೀನು ಮಾರಿದವನು ಅಲ್ಲಿಯ ಸುಹೇಲ್. ಅವನು ಅಂಗಡಿಯಲ್ಲೇ ಒಂದು ಹನಿ ಪರೀಕ್ಷಿಸಿ ಹುಬ್ಬೇರಿಸಿದ.

“ನಲವತ್ತು ಐತೆ ಅಮ್ಮ. ಏನ್ ಹಾಕಿದ್ರಿ?”

“ಉಪ್ಪುನೀರು. ಇನ್ನೇನ್ ಹಾಕ್ತಾರೆ?”

“ಬರೀ ನೀರು ಹಾಕಿ. ದಿನಾ ಒಸಿ ಒಸಿ.”

“ಏನಪ್ಪ ಹಿಂಗಂತೀಯ? ನೀರು ಬೆರ್ಸಿದೋರ ಮಕದ ಮೇಲೆ ಹೊಡ್ದಂಗೆ ಹಾಲು ವಾಪಸ್ ಕೊಟ್ಟೋಳು ನಾನು. ನಂಗೇ ನೀರು ಬೆರ್ಸು ಅಂತೀಯ?”

“ಇದು ಹಾಲಲ್ಲಮ್ಮ. ಸಾರು ಕುದ್ದು ಬತ್ತೋದ್ರೆ ಏನಾಯ್ತದೆ?”

“ಉಪ್ಪಾಯ್ತದೆ.”

“ಆಗ ಏನ್ ಹಾಕ್ತೀರ?”

“ನೀರು. ಆದ್ರೆ ಅದು ಸಾರು,” ಎಂದರು ಕಾವೇರಮ್ಮ.

“ಇಲ್ಲೂ ಅಷ್ಟೇನೆ. ಆವಿಯಾಗೋದು ನೀರು ಮಾತ್ರ, ಉಪ್ಪು ತೊಟ್ಟೀಲೇ ಕೂತಿರ್ತದೆ. ನೀವು ಮೇಲಿಂದ ಇನ್ನೂ ಉಪ್ಪು ಹಾಕ್ತಾ ಹೋಗಿದೀರ.” ಬಾಟಲಿಯನ್ನು ವಾಪಸ್ಸು ಕೊಡುತ್ತಾ ಅವನು ನಕ್ಕ. “ಒಂದೇ ದಿನಕ್ಕೆ ಸುರೀಬೇಡಿ. ಅದಕ್ಕೂ ಸಾಯ್ತವೆ.”

ಬಸ್ಸಿನಲ್ಲಿ ಅದನ್ನೇ ಯೋಚಿಸಿದರು. ಸಾರಿನ ಮಾತು ಸರಿಯಾಗಿತ್ತು, ಆದರೂ ಅದು ಮನಸ್ಸಿನಲ್ಲಿ ಕೂರಲಿಲ್ಲ. ಮನೆಗೆ ಬಂದು ನೀಲಿ ಕ್ಯಾನಿನಿಂದ ಒಂದು ಮಗ್ಗು ಎತ್ತಿ ತೊಟ್ಟಿಯ ಮುಂದೆ ನಿಂತವರು, ಹೋಗಿ ಬೀದಿಬಾಗಿಲು ಮುಂದಕ್ಕೆಳೆದು ಬಂದರು. ಆಮೇಲೆ ಸುರಿದರು.

ಗೀಟು ದಿನಕ್ಕಿಷ್ಟು ಇಳಿಯಿತು. ಮೂವತ್ತೇಳರ ಬಳಿ ಬಂದಾಗ ದೊಡ್ಡ ಮೀನು ಕಾಳು ತಿಂದಿತು. ಚಿಕ್ಕದು ಕಲ್ಲಿನ ಹಿಂದೆಯೇ ಇತ್ತು. ಆ ಸಂಜೆ ಧನುಶ್ರೀಯ ಫೋನು ಬಂತು.

“ಮೀನು ಹೆಂಗವೆ ಅವ್ವ?”

“ಒಂದು ತಿಂತೈತೆ. ಚಿಕ್ಕದು ಉಳಿಯೋದು ಗ್ಯಾರಂಟಿ ಇಲ್ಲ. ಬಿಳಿ ಕ್ಯಾನಿಂದು ಹಾಕ್ಬುಟ್ಟೆ.”

“ನೀಲಿ ಅಂದಿದ್ನಲ್ಲವ್ವ.”

“ಅಂದಿದ್ದೆ. ನಿಂಗೇ ಗೊತ್ತಿಲ್ಲ ಅನ್ಕಂಡೆ.”

ಧನುಶ್ರೀ ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ. ಕೊನೆಗೆ, “ನಾಳೆನೂ ಒಂದು ಮಗ್ಗು ಹಾಕು,” ಎಂದಷ್ಟೇ ಹೇಳಿ ಇಟ್ಟಳು.

ಹಾಕಿದರು. ಚಿಕ್ಕ ಮೀನು ಕಲ್ಲಿನ ಹಿಂದಿನಿಂದ ಹೊರಬಂದು, ಒಂದು ಕಾಳು ಬಾಯಿಗಿಟ್ಟು, ಉಗಿದು, ಮತ್ತೆ ಅದನ್ನೇ ಹಿಡಿದು ನುಂಗಿತು. ಕಾವೇರಮ್ಮ ಖಾಲಿ ಮಗ್ಗು ಹಿಡಿದು ಅದನ್ನೇ ನೋಡುತ್ತಿದ್ದರು. ನೀರು ಬೆರೆಸಿದ್ದಕ್ಕೆ ಒಂದು ಜೀವ ಉಳಿದದ್ದು ಹೇಗೆಂದು ಅವರಿಗೆ ಈಗಲೂ ಪೂರ್ತಿ ಬಗೆಹರಿದಿಲ್ಲ.